ಸಿಗ್ನಲ್ ಕಾಲಹೊಂದಿಕೆ ಮತ್ತು ಇಂಧನ ವ್ಯಯ: ಮುಂಬೈ

ಕೂಡುರಸ್ತೆಯಲ್ಲಿ ಯಾವ ದಿಕ್ಕಿಗೆ ಎಷ್ಟು ಸೆಕೆಂಡು ಹಸಿರು ದೀಪ, ಮುಂದಿನ ಸಿಗ್ನಲ್ ಎಷ್ಟು ಸೆಕೆಂಡಿನ ಬಳಿಕ ಹಸಿರಾಗಬೇಕು ಎಂದು ಗೊತ್ತುಪಡಿಸುವುದೇ ಸಿಗ್ನಲ್ ಕಾಲಹೊಂದಿಕೆ. ವಾಹನಗಳು ಸುಡುವ ಇಂಧನ, ಉಗುಳುವ ಹೊಗೆ ಎರಡೂ ಇದನ್ನು ಅವಲಂಬಿಸಿವೆ.

ಕೆಂಪು ದೀಪದೆದುರು ಎಂಜಿನ್ ಆರಿಸದೆ ನಿಂತ ಸಣ್ಣ ಪೆಟ್ರೋಲ್ ಕಾರು ಗಂಟೆಗೆ ಸುಮಾರು 0.6 ಲೀಟರ್ ಸುಡುತ್ತದೆ ಎಂದುಕೊಂಡರೆ, ಒಂದು ನಿಮಿಷಕ್ಕೆ 10 ಮಿಲಿಲೀಟರ್ ಪೆಟ್ರೋಲು, 23 ಗ್ರಾಂನಷ್ಟು ಇಂಗಾಲದ ಡೈಆಕ್ಸೈಡ್. ಎ.ಸಿ. ಹಾಕಿದರೆ ಇನ್ನೂ ಹೆಚ್ಚು. ಜನ ಲೆಕ್ಕ ಹಾಕುವುದು ಈ ಕಾಯುವಿಕೆಯನ್ನೇ. ಆದರೆ ನಿಂತ ಗಾಡಿ ಮತ್ತೆ ವೇಗ ಪಡೆಯುವಾಗಿನ ಖರ್ಚೂ ಕಡಿಮೆಯಲ್ಲ. ತುಂಬಿದ ನಗರ ಸಾರಿಗೆಯ ಬೆಸ್ಟ್ ಬಸ್ಸಿಗಂತೂ ಹೇಳುವುದೇ ಬೇಡ. ಹಾಗಾಗಿ ಒಳ್ಳೆಯ ಕಾಲಹೊಂದಿಕೆ ಕಾಯುವ ಹೊತ್ತಿನ ಜೊತೆಗೆ ನಿಲ್ಲುವ ಸಲಗಳನ್ನೂ ಇಳಿಸಬೇಕು.

ಇದಕ್ಕೆ ದಾರಿ ಸಾಲು ಸಿಗ್ನಲ್‌ಗಳ ಜೋಡಣೆ. 500 ಮೀಟರ್ ದೂರದ ಎರಡು ಸಿಗ್ನಲ್‌ಗಳ ನಡುವೆ ಗಂಟೆಗೆ 36 ಕಿ.ಮೀ. ವೇಗದಲ್ಲಿ ಸಾಗುವ ಗಾಡಿಗೆ ಎರಡನೆಯದು 50 ಸೆಕೆಂಡು ತಡವಾಗಿ ಹಸಿರಾದರೆ ಸಾಕು. ಉತ್ತರ–ದಕ್ಷಿಣವಾಗಿ ಚಾಚಿಕೊಂಡ ಮುಂಬೈಗೆ ಇದು ಹೇಳಿಮಾಡಿಸಿದ ಉಪಾಯ: ಬೆಳಿಗ್ಗೆ ಉಪನಗರದಿಂದ ಕೋಟೆ ಪ್ರದೇಶದ ಕಚೇರಿಗಳಿಗೆ, ಸಂಜೆ ಹಿಂದಕ್ಕೆ. ಆದರೆ ಬಾಂದ್ರಾ–ಕುರ್ಲಾ ಸಂಕೀರ್ಣ, ಅಂಧೇರಿಗಳಲ್ಲೂ ಕಚೇರಿಗಳೆದ್ದ ಮೇಲೆ ಎರಡೂ ದಿಕ್ಕಿಗೆ ದಟ್ಟಣೆ. ಒಂದು ದಿಕ್ಕಿಗೆ ಹೊಂದಿಸಿದ್ದು ಎದುರು ದಿಕ್ಕಿಗೆ ಸಾಮಾನ್ಯವಾಗಿ ಹೊಂದದು.

2002ರಲ್ಲಿ ವಿಶ್ವಬ್ಯಾಂಕ್ ಸಾಲ ಮಂಜೂರಾದ ಮುಂಬೈ ನಗರ ಸಾರಿಗೆ ಯೋಜನೆಯ ಭಾಗವಾಗಿ ಮಹಾನಗರ ಪಾಲಿಕೆ 253 ಕೂಡುರಸ್ತೆಗಳಿಗೆ ಕೇಂದ್ರೀಕೃತ ನಿಯಂತ್ರಣ ವ್ಯವಸ್ಥೆ ಅಳವಡಿಸಿತು. ವಾಹನಗಳ ಸಂಖ್ಯೆಯನ್ನು ಸಂವೇದಕಗಳಿಂದ ತಿಳಿದು ಹಸಿರಿನ ಅವಧಿಯನ್ನು ಹಿಗ್ಗಿಸಿ ಕುಗ್ಗಿಸುವುದು ಇಂಥ ವ್ಯವಸ್ಥೆಯ ಕೆಲಸ. ಮೆಟ್ರೊಗೋ ಚರಂಡಿಗೋ ರಸ್ತೆ ಅಗೆದು ಕೇಬಲ್ ತುಂಡಾದರೆ ಅದು ಕುರುಡಾಗುತ್ತದೆ. ಅವಧಿ ಕ್ಷಣಕ್ಷಣಕ್ಕೂ ಬದಲಾಗುವಲ್ಲಿ ಇಳಿಯೆಣಿಕೆಯ ಗಡಿಯಾರವನ್ನು ನಂಬುವುದೂ ಕಷ್ಟ. ಎಂಜಿನ್ ಆರಿಸಲು ಚಾಲಕರಿಗೆ ಧೈರ್ಯ ಕೊಡುವುದು ಅದೇ ಗಡಿಯಾರ.

ಕಾಲಹೊಂದಿಕೆಗೂ ಮಿತಿಯಿದೆ. ಬ್ರಿಟನ್ನಿನ ಎಫ್. ವಿ. ವೆಬ್‌ಸ್ಟರ್ 1958ರಲ್ಲಿ ಪ್ರಕಟಿಸಿದ ಸೂತ್ರದಲ್ಲಿ, ದಟ್ಟಣೆ ಕೂಡುರಸ್ತೆಯ ಸಾಮರ್ಥ್ಯದ ಹತ್ತಿರ ಬಂದಂತೆ ಸಿಗ್ನಲ್ಲಿನ ಒಂದು ಸುತ್ತಿನ ಅವಧಿ ಮಿತಿಮೀರಿ ಬೆಳೆಯುತ್ತದೆ. ಅಂಥಲ್ಲಿ ಯಾವ ಗಣಿತವೂ ಸಾಲನ್ನು ಕರಗಿಸದು. ಮುಂಬೈ ಕಂಡುಕೊಂಡ ದುಬಾರಿ ಉತ್ತರ ಸಿಗ್ನಲ್ಲನ್ನೇ ತಪ್ಪಿಸುವುದು: ಮೇಲ್ಸೇತುವೆಗಳು, 2009ರಲ್ಲಿ ತೆರೆದ ಬಾಂದ್ರಾ–ವರ್ಲಿ ಸಮುದ್ರ ಸೇತುವೆ, 2024ರಿಂದ ಹಂತಹಂತವಾಗಿ ತೆರೆದ ಕರಾವಳಿ ರಸ್ತೆ. ಇವು ಸುಗಮಗೊಳಿಸಿದ್ದು ಮುಖ್ಯವಾಗಿ ಕಾರುಗಳ ಸಂಚಾರವನ್ನು.

2020ರ ಜನವರಿಯಲ್ಲಿ ಮುಂಬೈ ಪೊಲೀಸರು ಪ್ರಚುರಪಡಿಸಿದ ಪ್ರಯೋಗವೊಂದು ಕಾಯುವಿಕೆ ತಗ್ಗಿಸುವ ಈ ಪ್ರಯತ್ನಗಳಿಗೆ ತದ್ವಿರುದ್ಧ. ಹಾರ್ನ್ ಸದ್ದು 85 ಡೆಸಿಬೆಲ್ ಮೀರಿದರೆ ಕೆಂಪು ದೀಪದ ಎಣಿಕೆ ಮೊದಲಿನಿಂದ ಶುರು. ಗದ್ದಲಕ್ಕೆ ಶಿಕ್ಷೆ ಸರಿಯೇ. ಆ ಹೆಚ್ಚುವರಿ ಸೆಕೆಂಡುಗಳ ಇಂಧನವನ್ನು ಸುಮ್ಮನಿದ್ದವರೂ ಸುಡಬೇಕಾಗಿತ್ತು.