ಐದು ಗಿಡ, ಐದೂ ಹೆಣ್ಣು

ಚಳಿಗಾಲ ಬಂತೆಂದರೆ ಮುಂಬೈ, ಪುಣೆಯ ಸ್ಟೇಷನ್ನುಗಳ ಹೊರಗೆ ಸ್ಟ್ರಾಬೆರಿ ಡಬ್ಬಿಗಳ ಸಾಲು. ಮಹಾಬಳೇಶ್ವರದ ಮಾಲು ಎಂದು ಕೂಗುವವನ ಮುಂದೆ ನೀವೂ ಒಮ್ಮೆ ನಿಂತಿರುತ್ತೀರಿ. ಮೊನ್ನೆ ಕೇಳುಗರೊಬ್ಬರು ಫೋನ್ ಮಾಡಿ, "ಬಾಲ್ಕನಿಯ ಕುಂಡದಲ್ಲಿ ಹಾಕ್ಬೇಕು, ಸ್ಟ್ರಾಬೆರೀಲಿ ನಾಟಿ ತಳಿ ಯಾವುದು ಹೇಳಿ" ಎಂದರು. ನಾನೋ ಕನ್ನಡ ಬಿ.ಎ. "ಹುಡುಕಿ ಹೇಳ್ತೀನಿ ಸಾರ್" ಅಂದವನೇ ಹಾಡು ಹಾಕಿಬಿಟ್ಟೆ. ಹುಡುಕಲು ಕೂತರೆ ಸಿಕ್ಕಿದ್ದು ಒಬ್ಬ ಗೂಢಚಾರನ ಕಥೆ.

ಅವನ ಹೆಸರು ಅಮೆದೆ ಫ್ರೆಜಿಯೆ, ಫ್ರಾನ್ಸಿನ ಸೇನೆಯ ಇಂಜಿನಿಯರು. ದಕ್ಷಿಣ ಅಮೆರಿಕದ ಚಿಲಿ, ಪೆರು ತೀರದಲ್ಲಿ ಸ್ಪೇನಿನವರು ಕಟ್ಟಿದ್ದ ಕೋಟೆಗಳ ನಕ್ಷೆ ತಯಾರಿಸಲು 1712ರಲ್ಲಿ ಅವನನ್ನು ವ್ಯಾಪಾರಿಯ ವೇಷದಲ್ಲಿ ಕಳಿಸಿದ್ದರು. ಚಿಲಿಯಲ್ಲಿ ಅಲ್ಲಿನ ಮೂಲನಿವಾಸಿಗಳು ಬೆಳೆಯುತ್ತಿದ್ದ ಸ್ಟ್ರಾಬೆರಿ ಕಂಡು ಬೆರಗಾದ. ಆಗ ಯುರೋಪಿನವರು ತಿನ್ನುತ್ತಿದ್ದ ಕಾಡುಹಣ್ಣು ಬೆರಳ ತುದಿಯಷ್ಟು. ಇದು ಅಕ್ರೋಟಿನಷ್ಟು, ಕೆಲವು ಕೋಳಿಮೊಟ್ಟೆಯಷ್ಟು!

1714ರಲ್ಲಿ ಹೊರಟಾಗ ಗಿಡಗಳನ್ನು ಜೊತೆಗೆ ತಂದ. ಆರು ತಿಂಗಳ ಸಮುದ್ರಯಾನ. ಹಡಗಿನಲ್ಲಿ ಸಿಹಿನೀರಿಗೆ ರೇಷನ್ನು. ಜನರಿಗೇ ಸಾಲದ ನೀರನ್ನು ಗಿಡಕ್ಕೆ ಯಾರು ಕೊಡುತ್ತಾರೆ? ಹಡಗಿನ ಸರಕಿನ ಅಧಿಕಾರಿ ಕೊಟ್ಟ. ಮಾರ್ಸೇಲ್ ಬಂದರಿಗೆ ಐದು ಗಿಡ ಜೀವಂತ ಬಂದವು. ನೀರು ಕೊಟ್ಟ ಪುಣ್ಯಾತ್ಮನಿಗೆ ಎರಡು, ಮೇಲಧಿಕಾರಿಗೆ ಒಂದು, ಪ್ಯಾರಿಸಿನ ರಾಜೋದ್ಯಾನಕ್ಕೆ ಒಂದು, ತನಗೊಂದು ಎಂದು ಫ್ರೆಜಿಯೆ ಹಂಚಿದ.

ಗಿಡ ಹಬ್ಬಿತು, ಹೂ ಬಿಟ್ಟಿತು. ಹಣ್ಣು ಮಾತ್ರ ಇಲ್ಲ. ನಮ್ಮೂರಲ್ಲಿ ಪರಂಗಿ ಬೆಳೆದವರಿಗೆ ಕಾರಣ ತಕ್ಷಣ ಹೊಳೆಯುತ್ತದೆ. ಚಿಲಿಯ ಸ್ಟ್ರಾಬೆರಿಯಲ್ಲೂ ಹಾಗೇ, ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಒಳ್ಳೆ ಹಣ್ಣು ಬಿಟ್ಟಿದ್ದನ್ನೇ ನೋಡಿ ಆರಿಸಿದರೆ ಕೈಗೆ ಬರುವುದು ಹೆಣ್ಣೇ ತಾನೆ? ಆದರೆ ಗಿಡದಲ್ಲಿ ಗಂಡು-ಹೆಣ್ಣು ಎಂಬುದೇ ಆಗಿನ ತೋಟಗಾರರಿಗೆ ಹೊಸ ಮಾತು. ಇದು ಬಂಜೆ ಎಂದು ಕಿತ್ತೆಸೆದವರೂ ಇದ್ದರು.

ದಾರಿ ಕಂಡುಕೊಂಡವರು ಬ್ರಿಟನಿ ಪ್ರಾಂತ್ಯದ ರೈತರು. ಚಿಲಿ ಗಿಡದ ಸಾಲುಗಳ ನಡುವೆ ಬೇರೆ ಜಾತಿಯ ಸ್ಟ್ರಾಬೆರಿ ನೆಟ್ಟರೆ ಹಣ್ಣು ಬರುತ್ತದೆ ಎಂದು ಕಂಡುಕೊಂಡರು. ಹೀಗೆ ಜೊತೆಗೆ ಬೆಳೆದ ಜಾತಿಗಳಲ್ಲಿ ಒಂದು ಉತ್ತರ ಅಮೆರಿಕದ ವರ್ಜಿನಿಯಾದ್ದು: ಸಣ್ಣ, ಕೆಂಪು, ಪರಿಮಳದ ಹಣ್ಣು. ತಾಯಿ ದಕ್ಷಿಣ ಅಮೆರಿಕ, ತಂದೆ ಉತ್ತರ ಅಮೆರಿಕ, ಹೆರಿಗೆ ಯುರೋಪಿನಲ್ಲಿ! ಗುಟ್ಟು ಬಿಡಿಸಿದವನು ಹದಿಹರೆಯದ ಹುಡುಗ, ಆಂತ್ವಾನ್ ನಿಕೊಲಾ ದ್ಯುಶೆನ್. ಬೇರೆ ಜಾತಿಯ ಪರಾಗ ಸೋಕಿಸಿ ಚಿಲಿ ಗಿಡದಲ್ಲಿ ಹಣ್ಣು ಬಿಡಿಸಿ, 1764ರಲ್ಲಿ ದೊರೆ 15ನೇ ಲೂಯಿಗೆ ಒಪ್ಪಿಸಿದ. 1766ರ ತನ್ನ ಪುಸ್ತಕದಲ್ಲಿ, ಅನಾನಸಿನ ವಾಸನೆಯ ಹೊಸ ಸ್ಟ್ರಾಬೆರಿ ಚಿಲಿ-ವರ್ಜಿನಿಯಾ ಮಿಶ್ರಣ ಎಂದ. ಬಟಾಣಿಯ ಮೇಲಿನ ಮೆಂಡೆಲನ ಪ್ರಬಂಧ ಅಚ್ಚಾಗಿದ್ದು ಅದಾಗಿ ಸರಿಯಾಗಿ 100 ವರ್ಷಕ್ಕೆ. ಹುಡುಗನ ಹೆಸರು ನಮ್ಮ ಪಠ್ಯಗಳಲ್ಲಿ ಏಕಿಲ್ಲವೋ!

ಇಂದು ಪೇಟೆಯಲ್ಲಿ ಕಾಣುವ ಸ್ಟ್ರಾಬೆರಿಯೆಲ್ಲ ಆ ಸಂತಾನವೇ. ನೀಲಗಿರಿಯ ಹೆಸರು ಹೊತ್ತ ಕಾಡು ಜಾತಿಯೊಂದಿದೆ, ಆದರೆ ಪೇಟೆ ಹಣ್ಣು ಅದರಿಂದ ಬಂದದ್ದಲ್ಲ. ನಮ್ಮ ಕೃಷ್ಣೆ ಹುಟ್ಟುವ ಮಹಾಬಳೇಶ್ವರಕ್ಕೆ ಇದನ್ನು ತಂದವರು ಬ್ರಿಟಿಷರು. 2010ರಲ್ಲಿ ಅಲ್ಲಿನ ಹಣ್ಣಿಗೆ ಜಿಐ ಮಾನ್ಯತೆಯೂ ಸಿಕ್ಕಿತು. ಆದರೂ ಅಲ್ಲಿ ಬೆಳೆಯುವ ಕ್ಯಾಮರೋಸಾ ಕ್ಯಾಲಿಫೋರ್ನಿಯಾದ್ದು, ಸ್ವೀಟ್ ಚಾರ್ಲಿ, ವಿಂಟರ್ ಡಾನ್ ಫ್ಲೋರಿಡಾದವು.

ಹಾಗಾಗಿ ಸಾರ್, ನಾಟಿ ತಳಿ ಇಲ್ಲ. ಲಾರಿಯಲ್ಲಿ ದೂರ ಕಳಿಸುವವರಿಗೆ ಗಟ್ಟಿ ಹಣ್ಣಿನ ಕ್ಯಾಮರೋಸಾ ಸರಿ. ಕಿತ್ತು ಅಲ್ಲೇ ಬಾಯಿಗೆ ಹಾಕಿಕೊಳ್ಳುವ ನಿಮಗೆ ಬೇಗ ಹಣ್ಣು ಬಿಡುವ, ಸಿಹಿಯಾದ ಸ್ವೀಟ್ ಚಾರ್ಲಿ ಸಾಕು. ಒಂದೇ ಗಿಡವಿದ್ದರೂ ಚಿಂತೆಯಿಲ್ಲ, ಈಗಿನ ತಳಿಗಳಲ್ಲಿ ಗಂಡು-ಹೆಣ್ಣು ಭಾಗ ಒಂದೇ ಹೂವಲ್ಲಿವೆ. ಹನ್ನೆರಡನೇ ಮಹಡಿಗೆ ಜೇನ್ನೊಣ ಬರದಿದ್ದರೆ ಮಕ್ಕಳ ಪೇಂಟಿಂಗ್ ಬ್ರಷ್ಷಿನಿಂದ ಹೂವಿನ ಮೇಲೆ ಮೆಲ್ಲಗೆ ಸವರಿ. ಮಳೆಗಾಲ ಮುಗಿಯುತ್ತಲೇ ನೆಡಿ. ಹಣ್ಣಾದಾಗ ಸ್ಟುಡಿಯೋಗೆ ಫೋನ್ ಮಾಡಿ, ನಿಮ್ಮಿಷ್ಟದ ಹಾಡು ಹಾಕ್ತೀನಿ.