ದಿಮ್ಮಿಮನೆಯ ಚುನಾವಣೆ (1840)

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1840ರಲ್ಲಿ ನಡೆದ ರಾಷ್ಟ್ರಾಧ್ಯಕ್ಷ ಚುನಾವಣೆಗೆ, ವಿಗ್ ಪಕ್ಷದ ಪ್ರಚಾರಸಂಕೇತವಾಗಿದ್ದ ಮರದ ದಿಮ್ಮಿಗಳ ಮನೆಯಿಂದ ಬಂದ ಹೆಸರು. ಈ ಚುನಾವಣೆಯಲ್ಲಿ ವಿಗ್ ಪಕ್ಷದ ವಿಲಿಯಂ ಹೆನ್ರಿ ಹ್ಯಾರಿಸನ್, ಅಧಿಕಾರದಲ್ಲಿದ್ದ ಡೆಮೊಕ್ರಾಟಿಕ್ ಪಕ್ಷದ ಮಾರ್ಟಿನ್ ವ್ಯಾನ್ ಬ್ಯೂರನ್‌ನನ್ನು ಸೋಲಿಸಿದನು. ಹಾಡು, ಮೆರವಣಿಗೆ, ಬಾವುಟ, ಅಗ್ಗದ ಪತ್ರಿಕೆ ಇವೆಲ್ಲವನ್ನೂ ಒಂದೇ ಸಂಕೇತದ ಸುತ್ತ ಹೆಣೆದು ದೇಶದುದ್ದಕ್ಕೂ ಪ್ರಯೋಗಿಸಿದ ಮೊದಲ ಚುನಾವಣೆ ಇದೆಂದು ಇತಿಹಾಸಕಾರರು ಸಾಮಾನ್ಯವಾಗಿ ಪರಿಗಣಿಸುತ್ತಾರೆ. ರಾಜ್ಯನೀತಿಯ ವಿಷಯದಲ್ಲಿ ಬುದ್ಧಿಪೂರ್ವಕವಾದ ಮೌನ, ಬೀದಿಯಲ್ಲಿ ಅಪಾರವಾದ ಗದ್ದಲ, ಇವೆರಡೂ ಒಂದೇ ತಂತ್ರದ ಎರಡು ಅಂಗಗಳಾಗಿದ್ದುವು.

ಹಿನ್ನೆಲೆ: ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮತಾಧಿಕಾರಕ್ಕಿದ್ದ ಆಸ್ತಿಯ ನಿಬಂಧನೆ ಬಹುತೇಕ ಸಂಸ್ಥಾನಗಳಲ್ಲಿ ಒಂದೊಂದಾಗಿ ಸಡಿಲಗೊಂಡು, ಬಿಳಿಯ ಗಂಡಸರಲ್ಲಿ ಹೆಚ್ಚಿನವರಿಗೆ ಮತ ಕೊಡುವ ಹಕ್ಕು ದೊರೆತಿತ್ತು, ಅಧ್ಯಕ್ಷನನ್ನು ಆರಿಸುವ ನಿರ್ವಾಚಕರನ್ನು ಶಾಸನಸಭೆಯೇ ನೇಮಿಸುವ ಹಳೆಯ ಪದ್ಧತಿ ಇಪ್ಪತ್ತಾರು ಸಂಸ್ಥಾನಗಳ ಪೈಕಿ ದಕ್ಷಿಣ ಕ್ಯಾರೊಲೈನಾ ಒಂದರಲ್ಲಿ ಮಾತ್ರ ಉಳಿದಿತ್ತು. ಹೀಗೆ ಬೆಳೆದ ಮತದಾರ ಸಮೂಹವನ್ನು ಸಂಘಟಿಸುವ ಕಲೆಯನ್ನು ಮೊದಲು ಕರಗತಮಾಡಿಕೊಂಡವರು ಆಂಡ್ರೂ ಜ್ಯಾಕ್ಸನ್ನನ ಅನುಯಾಯಿಗಳು. 1828ರಲ್ಲಿ ಅವರು ಊರೂರಿಗೆ ಸಮಿತಿಗಳನ್ನು ಕಟ್ಟಿ, ಪಕ್ಷಕ್ಕೆ ಅಂಕಿತವಾದ ಪತ್ರಿಕೆಗಳನ್ನು ನಡೆಸಿ, ತಮ್ಮ ನಾಯಕನ ಕುರುಹಾಗಿ ಹಿಕರಿಮರದ ಕಂಬಗಳನ್ನು ನೆಟ್ಟು ವಿಜಯವನ್ನು ಸಂಪಾದಿಸಿದ್ದರು; ಆ ಸಂಘಟನೆಯ ಸೂತ್ರಧಾರರಲ್ಲಿ ಪ್ರಮುಖನಾಗಿದ್ದವನು ನ್ಯೂಯಾರ್ಕಿನ ವ್ಯಾನ್ ಬ್ಯೂರನ್.

ಜ್ಯಾಕ್ಸನ್ನನ ವಿರೋಧಿಗಳು 1834ರ ಸುಮಾರಿಗೆ ವಿಗ್ ಎಂಬ ಹೆಸರಿನಲ್ಲಿ ಒಂದುಗೂಡಿದರು. ರಾಷ್ಟ್ರೀಯ ಬ್ಯಾಂಕು ಬೇಕೆನ್ನುವ ಉತ್ತರದ ವರ್ತಕರೂ ಸಂಸ್ಥಾನಗಳ ಹಕ್ಕನ್ನು ಎತ್ತಿಹಿಡಿಯುವ ದಕ್ಷಿಣದ ತೋಟಗಳ ಒಡೆಯರೂ ಒಂದೇ ಸೂರಿನಡಿ ಬಂದಿದ್ದ ಈ ಪಕ್ಷದಲ್ಲಿ ಜ್ಯಾಕ್ಸನ್ನನ ಮೇಲಿನ ಹಗೆಯನ್ನು ಬಿಟ್ಟರೆ ಸಮಾನವಾದ ಧ್ಯೇಯ ಅಲ್ಪವಾಗಿತ್ತು. 1836ರಲ್ಲಿ ಪ್ರಾಂತಕ್ಕೊಬ್ಬನಂತೆ ಅಭ್ಯರ್ಥಿಗಳನ್ನು ನಿಲ್ಲಿಸಿ ಅವರು ವ್ಯಾನ್ ಬ್ಯೂರನ್‌ಗೆ ಸೋತರಾದರೂ, ಅವರಲ್ಲೊಬ್ಬನಾದ ಹ್ಯಾರಿಸನ್ 73 ನಿರ್ವಾಚಕ ಮತಗಳನ್ನು ಪಡೆದನು. ಮರುವರ್ಷದ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಬ್ಯಾಂಕುಗಳು ನೋಟಿಗೆ ಬದಲಾಗಿ ಬೆಳ್ಳಿಬಂಗಾರದ ನಾಣ್ಯ ಕೊಡುವುದನ್ನು ನಿಲ್ಲಿಸಲು, ಆರ್ಥಿಕ ವಿಪ್ಲವ ದೇಶವನ್ನೆಲ್ಲ ಆವರಿಸಿತು. ಕೆಲಸವಿಲ್ಲದೆ ಕುಳಿತ ಕೂಲಿಗಾರನಿಗೂ, ಬೆಳೆದ ಪೈರಿಗೆ ಬೆಲೆ ಕಾಣದ ರೈತನಿಗೂ ಅಧ್ಯಕ್ಷನೇ ಅಪರಾಧಿಯಾಗಿ ತೋರಿದನು.

ಅಭ್ಯರ್ಥಿಯ ಆಯ್ಕೆ: 1839ರ ಡಿಸೆಂಬರಿನಲ್ಲಿ ಪೆನ್ಸಿಲ್ವೇನಿಯದ ಹ್ಯಾರಿಸ್‌ಬರ್ಗ್‌ನಲ್ಲಿ ವಿಗ್ ಪಕ್ಷದ ಸಮಾವೇಶ ನೆರೆಯಿತು. ವಿದ್ವತ್ತಿನಲ್ಲಿ, ವಾಗ್ಮಿತೆಯಲ್ಲಿ, ಪಕ್ಷದ ತತ್ತ್ವಗಳ ಪ್ರತಿಪಾದನೆಯಲ್ಲಿ ಹೆನ್ರಿ ಕ್ಲೇಗೆ ಸಾಟಿಯಾದವರು ಅಲ್ಲಿರಲಿಲ್ಲ. ಮೊದಲ ಎಣಿಕೆಯಲ್ಲಿ ಮುಂದಿದ್ದವನೂ ಅವನೇ. ಆದರೆ ಇಪ್ಪತ್ತೈದಕ್ಕೂ ಹೆಚ್ಚು ವರ್ಷಗಳಿಂದ ರಾಷ್ಟ್ರದ ಪ್ರತಿಯೊಂದು ಪ್ರಶ್ನೆಯ ಮೇಲೂ ಮಾತನಾಡಿದ್ದವನಿಗೆ ಪ್ರತಿಯೊಂದು ಮಾತಿಗೂ ಒಬ್ಬೊಬ್ಬ ವಿರೋಧಿ ಹುಟ್ಟಿಕೊಂಡಿದ್ದನು. ನ್ಯೂಯಾರ್ಕಿನ ಥರ್ಲೋ ವೀಡ್, ಪೆನ್ಸಿಲ್ವೇನಿಯದ ಥ್ಯಾಡಿಯಸ್ ಸ್ಟೀವನ್ಸ್ ಮೊದಲಾದ ಚತುರರು ಕ್ಲೇಯನ್ನು ಬದಿಗೊತ್ತಿ, ಅರವತ್ತಾರು ವಯಸ್ಸಿನ ಹ್ಯಾರಿಸನ್ನನನ್ನು ಮುಂದೆ ತಂದರು. 1811ರಲ್ಲಿ ಇಂಡಿಯಾನದ ಟಿಪ್ಪೆಕನೂ ಹೊಳೆಯ ಬಳಿ ಷಾನೀ ಪ್ರವಾದಿ ಟೆನ್ಸ್ಕ್ವಾಟವನ ಅನುಯಾಯಿಗಳೊಡನೆ ನಡೆದ ಕಾಳಗದಿಂದ ಅವನಿಗೆ ಸೇನಾನಿಯೆಂಬ ಕೀರ್ತಿ ಬಂದಿತ್ತು. ವಿವಾದದ ಪ್ರಶ್ನೆಗಳಲ್ಲಿ ಅವನ ಅಭಿಪ್ರಾಯವೇನೆಂಬುದು ಹೆಚ್ಚು ಜನಕ್ಕೆ ತಿಳಿದಿರಲಿಲ್ಲ, ಅದೇ ಅವನ ಅರ್ಹತೆಯಾಯಿತು. ದಕ್ಷಿಣದವರನ್ನು ಸಮಾಧಾನಗೊಳಿಸಲು ವರ್ಜೀನಿಯದ ಜಾನ್ ಟೈಲರ್‌ನನ್ನು ಉಪಾಧ್ಯಕ್ಷಸ್ಥಾನಕ್ಕೆ ಆರಿಸಿದರು. ಸಮಾವೇಶ ಯಾವುದೇ ನೀತಿಘೋಷಣೆಯನ್ನು ಅಂಗೀಕರಿಸದೆ ಮುಗಿಯಿತು. ಪಕ್ಷದ ಒಂದೊಂದು ಬಣವೂ ತನಗೆ ಬೇಕಾದ ನೀತಿಯನ್ನು ಅಭ್ಯರ್ಥಿಯಲ್ಲಿ ಆರೋಪಿಸಿಕೊಳ್ಳಲಿ ಎಂಬುದೇ ಅದರ ಮರ್ಮ.

ಸಂಕೇತದ ಹುಟ್ಟು: ಪ್ರಚಾರದ ಕೇಂದ್ರಬಿಂದುವನ್ನು ಒದಗಿಸಿದವರು ಎದುರಾಳಿಗಳೇ. ಆ ಡಿಸೆಂಬರಿನಲ್ಲೇ ಬಾಲ್ಟಿಮೋರಿನ ಡೆಮೊಕ್ರಾಟಿಕ್ ಪತ್ರಿಕೆಯೊಂದು, ಈ ಮುದುಕನಿಗೆ ಒಂದು ಪೀಪಾಯಿ ಸೈಡರನ್ನೂ ವರ್ಷಕ್ಕೆ ಎರಡು ಸಾವಿರ ಡಾಲರ್ ವಿಶ್ರಾಂತಿವೇತನವನ್ನೂ ಕೊಟ್ಟರೆ ಸಾಕು, ದಿಮ್ಮಿಮನೆಯಲ್ಲಿ ಒಲೆಯ ಮುಂದೆ ಕುಳಿತು ಉಳಿದ ಆಯುಸ್ಸನ್ನು ಕಳೆದುಬಿಡುತ್ತಾನೆ ಎಂದು ಕುಹಕವಾಡಿತು. ಸೈಡರ್ ಎಂಬುದು ಸೇಬಿನ ರಸವನ್ನು ಹುಳಿಯಿಸಿ ತೆಗೆಯುವ, ನಮ್ಮ ಕಳ್ಳಿನಂತೆ ಬಡವರಿಗೂ ಎಟುಕುವ ಪಾನೀಯ. ದಿಮ್ಮಿಮನೆಯಂತೂ ಅರಣ್ಯವನ್ನು ಕಡಿದು ನೆಲೆಸಿದ ಪಶ್ಚಿಮದ ಪ್ರತಿಯೊಂದು ಕುಟುಂಬದ ಮೊದಲ ಆಶ್ರಯ. ಆದಕಾರಣ ಒಬ್ಬ ಅಭ್ಯರ್ಥಿಯ ಮೇಲೆ ಬಿಟ್ಟ ಬಾಣ ಲಕ್ಷಾಂತರ ಮತದಾರರ ಮನೆಗೇ ತಗುಲಿತು. 1840ರ ಜನವರಿಯಲ್ಲಿ ಹ್ಯಾರಿಸ್‌ಬರ್ಗ್‌ನ ಬ್ಯಾಂಕರ್ ಥಾಮಸ್ ಎಲ್ಡರ್ ಮತ್ತು ಪತ್ರಿಕಾಸಂಪಾದಕ ರಿಚರ್ಡ್ ಎಲಿಯಟ್ ಈ ಮೂದಲಿಕೆಯನ್ನೇ ಧ್ವಜವಾಗಿಸುವ ಉಪಾಯವನ್ನು ಕಂಡುಕೊಂಡು, ದಿಮ್ಮಿಮನೆಯನ್ನೂ ಅದರ ಬಳಿಯ ಸೈಡರ್ ಪೀಪಾಯಿಯನ್ನೂ ತೆಳುಬಟ್ಟೆಯ ಮೇಲೆ ಬರೆಯಿಸಿ, ಹಿಂದೆ ದೀಪವಿಟ್ಟು ಸಭೆಯಲ್ಲಿ ಪ್ರದರ್ಶಿಸಿದರು. ಕೆಲವೇ ವಾರಗಳಲ್ಲಿ ಆ ಚಿತ್ರ ದೇಶವ್ಯಾಪಿಯಾಯಿತು.

ಸಂಕೇತಕ್ಕೂ ಸತ್ಯಕ್ಕೂ ಇದ್ದ ಅಂತರ ಗಮನಾರ್ಹ. ಹ್ಯಾರಿಸನ್ ಹುಟ್ಟಿದ್ದು ವರ್ಜೀನಿಯದ ಬರ್ಕ್ಲಿ ಎಂಬ ವಿಸ್ತಾರವಾದ ತೋಟದ ಮಹಡಿಮನೆಯಲ್ಲಿ. ಅವನ ತಂದೆ ಸ್ವಾತಂತ್ರ್ಯಘೋಷಣೆಗೆ ಸಹಿಹಾಕಿದವರಲ್ಲೊಬ್ಬ. ಒಹಾಯೊ ನದಿಯ ದಂಡೆಯ ನಾರ್ತ್ ಬೆಂಡ್‌ನಲ್ಲಿದ್ದ ಅವನ ಮನೆಯ ಒಂದು ಭಾಗ ಮೂಲತಃ ದಿಮ್ಮಿಗಳದಾಗಿದ್ದರೂ, ಅದನ್ನು ಒಳಗೊಂಡು ಹಲವು ಕೊಠಡಿಗಳ ವಿಶಾಲವಾದ ಗೃಹ ಎದ್ದಿತ್ತು. ವಿಲಾಸಿಯಾದ ಶ್ರೀಮಂತನೆಂದು ವಿಗ್ಗರು ಚಿತ್ರಿಸಿದ ವ್ಯಾನ್ ಬ್ಯೂರನ್ನನಾದರೋ ಕಿಂಡರ್‌ಹುಕ್ ಎಂಬ ಹಳ್ಳಿಯ ಪಾನಗೃಹದ ಮಾಲಿಕನ ಮಗ.

ಪ್ರಚಾರದ ಸಾಧನಗಳು: ಊರಿನ ಚೌಕಗಳಲ್ಲಿ ನಿಜವಾದ ದಿಮ್ಮಿಮನೆಗಳು ತಲೆಯೆತ್ತಿದುವು; ಬಾಗಿಲ ಬದಿಗೆ ರಕೂನ್ ಎಂಬ ಕಾಡುಪ್ರಾಣಿಯ ಚರ್ಮವನ್ನು ಮೊಳೆಹೊಡೆದು, ಅಂಗಳದಲ್ಲಿ ಪೀಪಾಯಿಯಿಟ್ಟು, ಬಂದವರಿಗೆಲ್ಲ ಸೈಡರ್ ಹಂಚುತ್ತಿದ್ದರು. ಮೆರವಣಿಗೆಗಳಲ್ಲಿ ಗಾಲಿಗಳ ಮೇಲೆ ಮನೆಯನ್ನೇ ಎಳೆದೊಯ್ಯುವುದುಂಟು. ಆಳೆತ್ತರಕ್ಕೂ ಮಿಗಿಲಾದ ಚೆಂಡುಗಳನ್ನು ಮಾಡಿ, ಮೈತುಂಬ ಘೋಷವಾಕ್ಯಗಳನ್ನು ಬರೆದು, ಊರಿಂದೂರಿಗೆ ಉರುಳಿಸಿಕೊಂಡು ಹೋಗುತ್ತಿದ್ದರು. ಹ್ಯಾರಿಸನ್ನನ ಕಾಳಗದ ಹೆಸರನ್ನೂ ಟೈಲರನ ಹೆಸರನ್ನೂ ಪ್ರಾಸಗೂಡಿಸಿ ಕಟ್ಟಿದ ಹಾಡು, ಜನಪ್ರಿಯವಾದ ಮಟ್ಟುಗಳಿಗೆ ಹೊಂದಿಸಿದ ಇನ್ನೂ ನೂರಾರು ಹಾಡುಗಳೊಡನೆ, ಓದು ಬಾರದವರ ಬಾಯಲ್ಲೂ ನಲಿಯಿತು.

ಮುದ್ರಣದ ಪಾತ್ರವೂ ಕಡಿಮೆಯದಲ್ಲ. ತರುಣ ಸಂಪಾದಕ ಹೊರೇಸ್ ಗ್ರೀಲಿ 1840ರ ಮೇ ತಿಂಗಳಲ್ಲಿ ‘ದಿ ಲಾಗ್ ಕ್ಯಾಬಿನ್’ ಎಂಬ ವಾರಪತ್ರಿಕೆಯನ್ನು ಆರಂಭಿಸಿದನು. ಚಿತ್ರ, ಹಾಡು, ವಾದ ಇವುಗಳ ಮಿಶ್ರಣವಾಗಿದ್ದ ಅದರ ಪ್ರಸಾರ 80,000 ಪ್ರತಿಗಳವರೆಗೆ ಏರಿತು. ಏಪ್ರಿಲಿನಲ್ಲಿ, ಅಧ್ಯಕ್ಷಭವನದ ದುರಸ್ತಿ ಹಾಗೂ ಪೀಠೋಪಕರಣಗಳಿಗೆಂದು ಕೇಳಿದ 3,665 ಡಾಲರುಗಳನ್ನು ನೆಪವಾಗಿಟ್ಟುಕೊಂಡು, ಪೆನ್ಸಿಲ್ವೇನಿಯದ ಪ್ರತಿನಿಧಿ ಚಾರ್ಲ್ಸ್ ಓಗಲ್ ಮೂರು ದಿನಗಳಲ್ಲಿ ಹರಡಿದ ಭಾಷಣವನ್ನು ಮಾಡಿ, ಚಿನ್ನದ ಚಮಚ, ಬೆರಳು ತೊಳೆಯುವ ಬಟ್ಟಲು, ಫ್ರೆಂಚ್ ಅಡುಗೆ ಎಂದು ವ್ಯಾನ್ ಬ್ಯೂರನ್ನನ ಊಟದ ಮೇಜನ್ನು ವರ್ಣಿಸಿದನು. ಆ ಸಾಮಗ್ರಿಗಳಲ್ಲಿ ಎಷ್ಟೋ ಹಿಂದಿನ ಅಧ್ಯಕ್ಷರ ಕಾಲದಲ್ಲೇ ಕೊಂಡವಾಗಿದ್ದುವು. ಈ ಖರ್ಚಿನಲ್ಲಿ ವ್ಯಾನ್ ಬ್ಯೂರನ್ ಹಿಂದಿನವರಿಗಿಂತ ಹಿಡಿತದವನೆಂದು ವಿಗ್ ಪಕ್ಷದವನೇ ಆದ ಲೀವೈ ಲಿಂಕನ್ ಸಭೆಯಲ್ಲಿ ತಿಳಿಸಿದನು. ಆದರೂ ಮೂಲಭಾಷಣ ಕಿರುಹೊತ್ತಗೆಯಾಗಿ ದೇಶವೆಲ್ಲ ಹಬ್ಬಿತು.

ಮತಾಧಿಕಾರವಿಲ್ಲದಿದ್ದರೂ ಸ್ತ್ರೀಯರು ಸಭೆಗಳಿಗೆ ಹಿಂದೆಂದೂ ಕಾಣದ ಸಂಖ್ಯೆಯಲ್ಲಿ ಬಂದರು. ಬಾವುಟಗಳನ್ನು ಹೊಲಿದರು, ಮೆರವಣಿಗೆಗಳಲ್ಲಿ ನಡೆದರು. ಅಕ್ಟೋಬರಿನಲ್ಲಿ ವಿಗ್ ನಾಯಕ ಡ್ಯಾನಿಯಲ್ ವೆಬ್‌ಸ್ಟರ್ ರಿಚ್ಮಂಡಿನಲ್ಲಿ ಅವರನ್ನೇ ಉದ್ದೇಶಿಸಿ ಭಾಷಣಮಾಡಿದನು.

ಅಭ್ಯರ್ಥಿಯ ನಡೆ: ಅಧ್ಯಕ್ಷಪದವಿಯನ್ನು ಬಯಸುವವನು ಅದನ್ನು ಬಾಯಿಬಿಟ್ಟು ಕೇಳಬಾರದೆಂಬುದು ಅಂದಿನ ಶಿಷ್ಟಾಚಾರ. ಮೊದಮೊದಲು ಹ್ಯಾರಿಸನ್ನನಿಗೆ ಬಂದ ಪ್ರಶ್ನೆಗಳಿಗೆ ಒಂದು ಸಮಿತಿಯೇ ಜಾರಿಕೆಯ ಉತ್ತರಗಳನ್ನು ಬರೆಯುತ್ತಿತ್ತು. ಡೆಮೊಕ್ರಾಟರು ಅವನನ್ನು ಮೂಗಸೇನಾಪತಿಯೆಂದು ಹಾಸ್ಯಮಾಡಿದರು. ಈ ಅಪವಾದವನ್ನೂ, ಮುಪ್ಪಿನಿಂದ ಕುಗ್ಗಿದ್ದಾನೆಂಬ ವದಂತಿಯನ್ನೂ ಕಳೆಯಲು ಹ್ಯಾರಿಸನ್ ಜೂನ್ ತಿಂಗಳಲ್ಲಿ ಒಹಾಯೊದ ಕೊಲಂಬಸ್ಸಿನಲ್ಲಿ, ಬಳಿಕ ತಾನು ಹಿಂದೆ ರಕ್ಷಿಸಿದ್ದ ಮೀಗ್ಸ್ ಕೋಟೆಯಲ್ಲಿ ಸ್ವತಃ ಭಾಷಣಮಾಡಿದನು. ಅಧ್ಯಕ್ಷಸ್ಥಾನದ ಅಭ್ಯರ್ಥಿಯೊಬ್ಬನು ತನ್ನ ಪರವಾಗಿ ತಾನೇ ಬಹಿರಂಗವಾಗಿ ಪ್ರಚಾರಮಾಡುವ ಪದ್ಧತಿ ಇಲ್ಲಿಂದ ಮೊದಲಾಯಿತು. ಭಾಷಣಗಳಲ್ಲಿ ಯುದ್ಧದ ನೆನಪುಗಳೂ ಗಣರಾಜ್ಯದ ಸ್ತುತಿಯೂ ಹೇರಳವಾಗಿದ್ದುವು. ಬ್ಯಾಂಕಿನ ಪ್ರಶ್ನೆಯಲ್ಲಿ ಮಾತ್ರ ಯಾರೂ ಹಿಡಿಯಲಾಗದಷ್ಟು ಎಚ್ಚರವಿತ್ತು.

ಡೆಮೊಕ್ರಾಟರ ದಾರಿ ಬೇರೆಯಾಗಿತ್ತು. ಮೇ ತಿಂಗಳಲ್ಲಿ ಬಾಲ್ಟಿಮೋರಿನಲ್ಲಿ ಕೂಡಿದ ಅವರ ಸಮಾವೇಶ, ಅಮೆರಿಕದ ದೊಡ್ಡ ಪಕ್ಷವೊಂದರ ಮೊದಲ ಲಿಖಿತ ನೀತಿಘೋಷಣೆಯನ್ನು ಅಂಗೀಕರಿಸಿತು; ಕೇಂದ್ರಸರ್ಕಾರದ ಅಧಿಕಾರ ಮಿತವಾಗಿರಬೇಕು, ರಾಷ್ಟ್ರೀಯ ಬ್ಯಾಂಕು ಕೂಡದು ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಿತ್ತು. ಸರ್ಕಾರದ ಹಣವನ್ನು ಬ್ಯಾಂಕುಗಳಿಂದ ಬೇರ್ಪಡಿಸುವ ಸ್ವತಂತ್ರ ಖಜಾನೆಯ ಶಾಸನವನ್ನು ವ್ಯಾನ್ ಬ್ಯೂರನ್ ಜುಲೈಯಲ್ಲಿ ಜಾರಿಗೆ ತಂದನು. ಆದರೆ ಹಾಡಿಗೆ ತರ್ಕದಿಂದ ಉತ್ತರಕೊಡುವುದು ಸಾಧ್ಯವಾಗಲಿಲ್ಲ.

ಫಲಿತಾಂಶ: ಮತದಾನ ಅಕ್ಟೋಬರಿನ ಕೊನೆಯಿಂದ ಡಿಸೆಂಬರಿನ ಆದಿಯವರೆಗೆ ಬೇರೆಬೇರೆ ಸಂಸ್ಥಾನಗಳಲ್ಲಿ ಬೇರೆಬೇರೆ ದಿನ ನಡೆಯಿತು. ಹ್ಯಾರಿಸನ್ 19 ಸಂಸ್ಥಾನಗಳಲ್ಲಿ ಗೆದ್ದು 234 ನಿರ್ವಾಚಕ ಮತಗಳನ್ನೂ, ವ್ಯಾನ್ ಬ್ಯೂರನ್ 60ನ್ನೂ ಪಡೆದರು. ಜನರ ಮತಗಳಲ್ಲಿ ಅಂತರ ಇಷ್ಟು ದೊಡ್ಡದಿರಲಿಲ್ಲ: ನೂರಕ್ಕೆ ಸುಮಾರು 53 ಒಬ್ಬನಿಗೆ, 47 ಇನ್ನೊಬ್ಬನಿಗೆ. ವ್ಯಾನ್ ಬ್ಯೂರನ್ ತನ್ನ ನ್ಯೂಯಾರ್ಕನ್ನೇ ಕಳೆದುಕೊಂಡನು. ಹ್ಯಾರಿಸನ್, ಟೈಲರ್ ಇಬ್ಬರೂ ಹುಟ್ಟಿದ ವರ್ಜೀನಿಯ ಅವರ ಕೈಹಿಡಿಯಲಿಲ್ಲ. 1836ರಲ್ಲಿ 15 ಲಕ್ಷದಷ್ಟಿದ್ದ ಒಟ್ಟು ಮತಗಳು 24 ಲಕ್ಷಕ್ಕೇರಿದುವು. ಹಕ್ಕುಳ್ಳವರಲ್ಲಿ ನೂರಕ್ಕೆ ಸುಮಾರು 80 ಮಂದಿ ಮತ ನೀಡಿದ್ದರು. ಪ್ರಚಾರವನ್ನು ಬರಿಯ ಆಟಾಟೋಪವೆಂದು ತಳ್ಳಿಹಾಕುವವರು ಈ ಸಂಖ್ಯೆಗೆ ಉತ್ತರ ಹೇಳಬೇಕಾಗುತ್ತದೆ. ವಿಪ್ಲವದ ಸಂಕಟ ಜನರನ್ನು ಕೆರಳಿಸಿತ್ತು ದಿಟ. ಆ ಸಂಕಟವನ್ನು ಮತಗಟ್ಟೆಯವರೆಗೆ ನಡೆಸಿಕೊಂಡು ಬಂದದ್ದು ದಿಮ್ಮಿಮನೆ.

ಪರಿಣಾಮ: ಮೌನದ ಸಾಲ ಬಹುಬೇಗ ತೀರಿಸಬೇಕಾಗಿ ಬಂದಿತು. 1841ರ ಮಾರ್ಚ್ 4ರಂದು ಅಧಿಕಾರ ಸ್ವೀಕರಿಸಿದ ಹ್ಯಾರಿಸನ್ ಏಪ್ರಿಲ್ 4ರಂದು ತೀರಿಕೊಂಡನು. ಅವನ ಸ್ಥಾನಕ್ಕೆ ಬಂದ ಟೈಲರ್, ಕ್ಲೇ ಮತ್ತು ಅವನ ಸಂಗಡಿಗರು ಮಂಡಿಸಿದ ರಾಷ್ಟ್ರೀಯ ಬ್ಯಾಂಕಿನ ಮಸೂದೆಗಳನ್ನು ಎರಡು ಬಾರಿ ನಿರಾಕರಿಸಿದನು. ವೆಬ್‌ಸ್ಟರ್ ಹೊರತು ಮಂತ್ರಿಗಳೆಲ್ಲರೂ ರಾಜೀನಾಮೆಯಿತ್ತರು, ಪಕ್ಷ ತನ್ನ ಅಧ್ಯಕ್ಷನನ್ನೇ ಬಹಿಷ್ಕರಿಸಿತು. ಟೈಲರ್ ಯಾವ ವಾಗ್ದಾನವನ್ನೂ ಮುರಿದಿರಲಿಲ್ಲ. ಮುರಿಯುವುದಕ್ಕೆ ಪಕ್ಷ ವಾಗ್ದಾನವನ್ನೇ ಮಾಡಿರಲಿಲ್ಲ. 1844ರಲ್ಲಿ ಕ್ಲೇಯನ್ನೇ ನಿಲ್ಲಿಸಿ ನೀತಿಘೋಷಣೆಯೊಡನೆ ಹೋದ ವಿಗ್ಗರು ಸೋತರು. 1848ರ ಸಮಾವೇಶದಲ್ಲಿ ಮತ್ತೆ ನೀತಿಘೋಷಣೆಯನ್ನು ಕೈಬಿಟ್ಟು, ಸೇನಾನಿಯಾದ ಜ್ಯಾಕರಿ ಟೇಲರ್‌ನನ್ನು ನಿಲ್ಲಿಸಿ ಗೆದ್ದರು. ಅವನೂ 1850ರಲ್ಲಿ ಅಧಿಕಾರದಲ್ಲಿರುವಾಗಲೇ ಮಡಿದನು. ವಿಗ್ ಪಕ್ಷ ಅಧ್ಯಕ್ಷಪದವಿಯನ್ನು ಚುನಾವಣೆಯಲ್ಲಿ ಗೆದ್ದದ್ದು ಈ ಎರಡು ಸಲ ಮಾತ್ರ.