ಶಿರಾಜಿ ಸಲಾಡ್: ಇರಾನಿನ ಮನೆಯೂಟದ ಹಸಿ ವ್ಯಂಜನ

ಸೌತೆಕಾಯಿ, ಟೊಮೆಟೊ ಮತ್ತು ಈರುಳ್ಳಿಯನ್ನು ಬಹು ಸಣ್ಣದಾಗಿ ಹೆಚ್ಚಿ, ಹುಳಿರಸ ಹಾಗೂ ಒಣ ಪುದೀನದೊಡನೆ ಬೆರೆಸಿದ ಹಸಿ ವ್ಯಂಜನವನ್ನು ಇರಾನಿನಲ್ಲಿ ಶಿರಾಜಿ ಸಲಾಡ್ ಎನ್ನುತ್ತಾರೆ. ಅಲ್ಲಿನ ಮನೆಗಳಲ್ಲಿ ಪಲಾವು, ಕಬಾಬುಗಳ ಪಕ್ಕದಲ್ಲಿ ಇದನ್ನು ಬಡಿಸುವರು. ನಮ್ಮ ಕೋಸಂಬರಿಯಂತೆ ಇದಕ್ಕೆ ನೆನೆಸಿದ ಬೇಳೆಯಾಗಲಿ, ತೆಂಗಿನ ತುರಿಯಾಗಲಿ, ಒಗ್ಗರಣೆಯಾಗಲಿ ಬೇಕಿಲ್ಲ. ಆದರೆ ಹೆಚ್ಚುವ ಹದ ಮತ್ತು ಉಪ್ಪು ಬೆರೆಸುವ ಹೊತ್ತು ತಪ್ಪಿದರೆ ರುಚಿ ಕೆಡುತ್ತದೆ.

ಹೆಸರಿನ ಹಿನ್ನೆಲೆ

ಶಿರಾಜ್ ನಗರವು ಇರಾನಿನ ನೈರುತ್ಯ ಭಾಗದ ಫಾರ್ಸ್ ಪ್ರಾಂತದಲ್ಲಿದೆ. ಸಾದಿ ಮತ್ತು ಹಾಫಿಜ್ ಕವಿಗಳ ಸಮಾಧಿಗಳಿರುವುದು ಅಲ್ಲಿಯೇ. ಈ ನಗರಕ್ಕೂ ನಮ್ಮ ನಾಡಿಗೂ ಹಳೆಯ ನಂಟುಂಟು. ವಿದ್ವಾಂಸ ಫತಹುಲ್ಲಾ ಶಿರಾಜಿಯು ಅಕ್ಬರನ ಬಳಿಗೆ ಹೋಗುವ ಮುನ್ನ ವಿಜಯಪುರದ ಮೊದಲನೆಯ ಅಲಿ ಆದಿಲ್‌ಶಾಹನ ಆಸ್ಥಾನದಲ್ಲಿದ್ದನು. ನಾವು ದಿನವೂ ಆಡುವ ಪುದೀನ, ಅಂಜೂರ, ಬಜಾರು ಎಂಬ ಮಾತುಗಳು ಪಾರಸಿ ಮೂಲದವು. ಆದರೆ ಈ ಸಲಾಡ್ ಅಷ್ಟು ಹಳೆಯದಲ್ಲ. ಟೊಮೆಟೊ ಅಮೆರಿಕ ಖಂಡದಿಂದ ಬಂದ ಬೆಳೆ. ಪಾರಸಿಯಲ್ಲಿ ಅದಕ್ಕೆ 'ಗೋಜೆ ಫರಂಗಿ', ಎಂದರೆ ಫರಂಗಿಯರ ಪ್ಲಮ್ ಹಣ್ಣು, ಎಂದು ಹೆಸರು.

ಬೇಕಾಗುವ ಪದಾರ್ಥಗಳು (4 ಮಂದಿಗೆ)

ಎಳೆ ಸೌತೆಕಾಯಿ 300 ಗ್ರಾಂ. ಗಟ್ಟಿಯಾದ ಕೆಂಪು ಟೊಮೆಟೊ 300 ಗ್ರಾಂ. ಮಧ್ಯಮ ಗಾತ್ರದ ಈರುಳ್ಳಿ 1. ನಿಂಬೆರಸ 3 ದೊಡ್ಡ ಚಮಚ. ಒಣ ಪುದೀನದ ಪುಡಿ 1 ಚಿಕ್ಕ ಚಮಚ. ಉಪ್ಪು ಅರ್ಧ ಚಿಕ್ಕ ಚಮಚ. ಕಾಳುಮೆಣಸಿನ ಪುಡಿ ಚಿಟಿಕೆ. ಇಷ್ಟವಿದ್ದರೆ ಆಲಿವ್ ಎಣ್ಣೆ 1 ದೊಡ್ಡ ಚಮಚ.

ಇರಾನಿನ ಸೌತೆಕಾಯಿ ಚಿಕ್ಕದು. ಸಿಪ್ಪೆ ತೆಳು, ಬೀಜ ಕಡಿಮೆ. ನಮ್ಮಲ್ಲಿ ಎಳೆಯ ಮುಳ್ಳುಸೌತೆ ಅದಕ್ಕೆ ಸಮೀಪದ್ದು. ಕಾಸರಗೋಡಿನ ಕಡೆ ಹುಳಿ, ಸಾಂಬಾರಿಗೆ ಬಳಸುವ ಮಂಗಳೂರು ಸೌತೆ ಇದಕ್ಕೆ ಒಗ್ಗದು.

ಮಾಡುವ ಕ್ರಮ

ಪುದೀನ ಸೊಪ್ಪನ್ನು ತೊಳೆದು, ನೀರಾರಿಸಿ, ನೆರಳಿನಲ್ಲಿ ಗರಿಗರಿಯಾಗುವವರೆಗೆ ಒಣಗಿಸಬೇಕು. ಬಿಸಿಲಿಗಿಟ್ಟರೆ ಬಣ್ಣವೂ ಪರಿಮಳವೂ ಕುಂದುತ್ತವೆ. ಒಣಗಿದ ಎಲೆಯನ್ನು ಅಂಗೈಗಳ ನಡುವೆ ಉಜ್ಜಿದರೆ ಪುಡಿಯಾಗುತ್ತದೆ.

ತರಕಾರಿಗಳನ್ನು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು ಒರೆಸಬೇಕು. ಸೌತೆಕಾಯಿಯ ತುದಿ ಕತ್ತರಿಸಿ ರುಚಿ ನೋಡಬೇಕು. ಕಡುಕಹಿಯಿದ್ದರೆ ಆ ಕಾಯಿಯನ್ನು ಪೂರ್ತಿಯಾಗಿ ಬಿಸುಡುವುದು ಲೇಸು, ಏಕೆಂದರೆ ಆ ಕಹಿಗೆ ಕಾರಣವಾದ ಅಂಶವು ಹೊಟ್ಟೆಯನ್ನು ಕೆಡಿಸಬಲ್ಲದು. ಟೊಮೆಟೊವಿನ ಒಳಗಿನ ನೀರುಬೀಜವನ್ನು ತೆಗೆಯಬೇಕು. ಬಳಿಕ ಎಲ್ಲವನ್ನೂ ಕಡಲೆಕಾಳಿನ ಗಾತ್ರಕ್ಕೆ ಸಮವಾಗಿ ಹೆಚ್ಚಬೇಕು. ಹೋಳುಗಳು ಸಮವಾಗಿದ್ದರೆ ಪ್ರತಿ ಚಮಚದಲ್ಲೂ ಮೂರು ತರಕಾರಿಗಳೂ ದೊರೆಯುತ್ತವೆ. ಹೆಚ್ಚಿದ ಈರುಳ್ಳಿಯನ್ನು 10 ನಿಮಿಷ ತಣ್ಣೀರಿನಲ್ಲಿಟ್ಟು ಬಸಿದರೆ ಘಾಟು ತಗ್ಗುತ್ತದೆ.

ಉಪ್ಪು, ನಿಂಬೆರಸ, ಎಣ್ಣೆ, ಪುದೀನಗಳನ್ನು ಊಟಕ್ಕೆ 10 ನಿಮಿಷವಿರುವಾಗ ಮಾತ್ರ ಬೆರೆಸಬೇಕು. ಉಪ್ಪು ತರಕಾರಿಯ ಜೀವಕೋಶಗಳಿಂದ ನೀರನ್ನು ಹೊರಗೆಳೆಯುತ್ತದೆ. ಮಕ್ಕಳು ವಿಜ್ಞಾನದ ಪಾಠದಲ್ಲಿ ಅಭಿಸರಣೆಯೆಂದು ಓದುವ ಕ್ರಿಯೆ ಇದೇ. ಬೇಗನೆ ಉಪ್ಪು ಬೆರೆಸಿದರೆ ಹೋಳುಗಳು ಮೆತ್ತಗಾಗುತ್ತವೆ. ಹಾಗಿದ್ದರೂ ತಳದಲ್ಲಿ ನಿಂತ ಹುಳಿರಸವನ್ನು ಇರಾನಿನಲ್ಲಿ ಚೆಲ್ಲುವುದಿಲ್ಲ. ಕೊನೆಗೆ ಅದನ್ನು ಕುಡಿಯುವುದೇ ಹಲವರಿಗೆ ಪ್ರಿಯ.

ಹುಳಿ ಮತ್ತು ಹಣ್ಣು

ನಿಂಬೆಗೆ ಬದಲಾಗಿ ಅಲ್ಲಿ ಕಾಯಿದ್ರಾಕ್ಷಿಯ ರಸವನ್ನೂ ಬಳಸುತ್ತಾರೆ. ಸೊಲ್ಲಾಪುರ, ಜತ್ತ ಭಾಗದ ನಮ್ಮ ಓದುಗರಿಗೆ ದ್ರಾಕ್ಷಿತೋಟಗಳು ಹತ್ತಿರವೇ ಇವೆ. ಆದರೆ ಗೊನೆ ಬಿಡಿಸುವಾಗ ಉದುರಿಸಿದ ಕಾಯಿಗಳ ಮೇಲೆ ಔಷಧಿ ಸಿಂಪಡಿಸಿರುವುದರಿಂದ ಅವನ್ನು ಬಳಸಬಾರದು. ಸಿಂಪಡಣೆಯಿಲ್ಲದ ಹಿತ್ತಲ ಬಳ್ಳಿಯ ಕಾಯಿಯಾದರೆ ಸರಿ.

ಹಣ್ಣು ಸೇರಿಸಬಯಸುವವರು ಅರ್ಧ ಬಟ್ಟಲು ದಾಳಿಂಬೆ ಕಾಳನ್ನು ಕೊನೆಯಲ್ಲಿ ಬೆರೆಸಬಹುದು. ಡಿಸೆಂಬರ್ ತಿಂಗಳಿನ ವರ್ಷದ ಅತಿ ದೀರ್ಘ ರಾತ್ರಿಯನ್ನು ಇರಾನಿಯರು ಯಲ್ದಾ ಎಂದು ಆಚರಿಸುವಾಗ ದಾಳಿಂಬೆಯೂ ಕಲ್ಲಂಗಡಿಯೂ ಮುಖ್ಯ ಹಣ್ಣುಗಳು. ಟೊಮೆಟೊ ದುಬಾರಿಯಾದ ದಿನಗಳಲ್ಲಿ ದಾಳಿಂಬೆಯೊಂದನ್ನೇ ಬಳಸಿದರೂ ವ್ಯಂಜನ ಸೊಗಸಾಗಿರುತ್ತದೆ.

ಗಮನಿಸಬೇಕಾದವು

ನಿಂಬೆ, ಟೊಮೆಟೊಗಳಲ್ಲಿರುವ ಸಿ ಜೀವಸತ್ವವು ಬೇಳೆ ಮತ್ತು ಸೊಪ್ಪುಗಳಲ್ಲಿನ ಕಬ್ಬಿಣವನ್ನು ದೇಹವು ಹೀರಿಕೊಳ್ಳಲು ನೆರವಾಗುತ್ತದೆ. ಆದ್ದರಿಂದ ಸಾರು ಅನ್ನ, ಸೊಪ್ಪಿನ ಪಲ್ಯಗಳ ಜೊತೆಯಲ್ಲಿಯೇ ಇದನ್ನು ಬಡಿಸುವುದು ಉತ್ತಮ. ಹಸಿ ತಿನಿಸಾದುದರಿಂದ ಮಾಡಿದ ಹೊತ್ತಿನಲ್ಲಿಯೇ ಮುಗಿಸಬೇಕು. ಶಾಲೆಯ ಬುತ್ತಿಗೆ ಬೆಳಗ್ಗೆಯೇ ಬೆರೆಸಿ ಕಟ್ಟಬಾರದು. ಪುದೀನ ಉಜ್ಜುವುದು, ದಾಳಿಂಬೆ ಬಿಡಿಸುವುದು, ನಿಂಬೆ ಹಿಂಡುವುದು ಚಿಕ್ಕ ಮಕ್ಕಳಿಗೆ ಒಪ್ಪಿಸಬಹುದಾದ ಕೆಲಸಗಳು. ಚಾಕು ಮಾತ್ರ ಹಿರಿಯರ ಕೈಯಲ್ಲಿರಲಿ.